ದೊಯಿನಾಳ ಬಲ ಹೆಗಲು

ನ್ಯೂಯಾರ್ಕಿನ ಮೂವತ್ತೇಳನೇ ಬೀದಿಯ ಆ ಕಟ್ಟಡದ ಹನ್ನೊಂದನೇ ಮಹಡಿಯಲ್ಲಿ "ಏನೂ ಇಲ್ಲ" ಎನ್ನುವುದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ನುನ್ಜಿಯಾ ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ದೊಯಿನಾಳ ಸುತ್ತ ಮೂರು ಸಲ ಬರುವಳು. ಹಿಂದಕ್ಕೆ ಸರಿದು ಕನ್ನಡಕವನ್ನು ಹಣೆಗೇರಿಸುವಳು. ಆಮೇಲೆ ಸೂಜಿಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡು "ಏನೂ ಇಲ್ಲ" ಎಂದಳೆಂದರೆ ಆ ಕೋಟು ಗೆದ್ದ ಹಾಗೆ. ಎಲ್ಲೂ ಎಳೆಯುತ್ತಿಲ್ಲ, ಎಲ್ಲೂ ಕಚ್ಚುತ್ತಿಲ್ಲ, ತೊಟ್ಟವಳಿಗೆ ತೊಟ್ಟಿದ್ದೇ ನೆನಪಿರುವುದಿಲ್ಲ. ಇನ್ನು ಅದೇ ಅಳತೆ ಹಿಡಿದು ದೂರದ ಕಾರ್ಖಾನೆಗಳಲ್ಲಿ ಸಾವಿರಾರು ಕೋಟು ಹೊಲಿಯಬಹುದು.

ರೂಪದರ್ಶಿ ಎಂದೊಡನೆ ನಮಗೆಲ್ಲ ನೆನಪಾಗುವುದು ಕಣ್ಣು ಕುಕ್ಕುವ ಬೆಳಕಿನಲ್ಲಿ, ಊರಿಗೊಬ್ಬಳೇ ಪದ್ಮಾವತಿ ಎಂಬಂತೆ ಬಿಂಕದಿಂದ ನಡೆದು ಬರುವ ಹುಡುಗಿ. ದೊಯಿನಾ ಆ ಪೈಕಿಯವಳಲ್ಲ. ಅವಳು ಅಳತೆಗೆ ನಿಲ್ಲುವ ರೂಪದರ್ಶಿ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಿಲ್ಲುವುದೇ ಅವಳ ಕೆಲಸ. ಅರೆಬರೆ ಹೊಲಿದ ಬಟ್ಟೆಯನ್ನು ಅವಳ ಮೈಮೇಲೆ ಹಾಕಿ, ಕತ್ತರಿಸಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದರು. ಅವಳು ಕಣ್ಣು ಮುಚ್ಚಿ ನಿಂತು ಹೇಳುವಳು: ಎಡ ಕಂಕುಳು ಕಚ್ಚುತ್ತಿದೆ, ಬೆನ್ನಿನ ನಡುವೆ ಕಾಲಿಂಚು ಹೆಚ್ಚಾಗಿದೆ, ಕೈ ಮೇಲೆತ್ತಿದರೆ ಇಡೀ ಕೋಟು ಜೊತೆಗೆ ಏಳುತ್ತದೆ. ಎಂದೂ ತಪ್ಪು ಹೇಳಿದವಳಲ್ಲ. ಅಷ್ಟೆಲ್ಲ ಆಗಿ ಬಟ್ಟೆ ಸಿದ್ಧವಾದ ಮೇಲೆ ಅದನ್ನು ತೊಟ್ಟು ಫೋಟೋ ತೆಗೆಸಿಕೊಳ್ಳಲು ಬೇರೆ ಹುಡುಗಿ ಬರುತ್ತಿದ್ದಳು. ದೊಯಿನಾಳ ಹೆಸರು ಎಲ್ಲೂ ಅಚ್ಚಾಗುತ್ತಿರಲಿಲ್ಲ, ಅವಳಿಗೆ ಅದರ ಆಸೆಯೂ ಇರಲಿಲ್ಲ.

ಆಸೆ ಇದ್ದದ್ದು ಒಂದೇ. ಅಲ್ಲಿ ಉಳಿಯಬೇಕು, ಆ ಮಹಡಿಯಲ್ಲಿ, ನುನ್ಜಿಯಾಳ ಮೇಜಿನ ಪಕ್ಕದಲ್ಲಿ.

ಅವಳು ಹುಟ್ಟಿದ್ದು ಮೊಲ್ಡೋವಾದ ಸೊರೋಕಾ ಪಟ್ಟಣದಿಂದ ಹದಿನೆಂಟು ಮೈಲಿ ಆಚೆಯ ಹಳ್ಳಿಯಲ್ಲಿ. ಬಾವಿ ಇಳಿಜಾರಿನ ಕೆಳಗೆ, ಮನೆ ಮೇಲೆ. ಏಳನೇ ವರ್ಷದಿಂದ ನೀರು ಹೊರುವ ಕೆಲಸ ಅವಳದಾಯಿತು. ಎಡಗೈಯಲ್ಲಿ ಬೇಲಿ ಹಿಡಿದು ಏರಬೇಕಾಗಿದ್ದರಿಂದ ಬಿಂದಿಗೆ ಯಾವಾಗಲೂ ಬಲಗೈಗೇ ಬೀಳುತ್ತಿತ್ತು. ಹದಿನಾಲ್ಕಾಗುವ ಹೊತ್ತಿಗೆ ಬಲ ಹೆಗಲು ಎಡಕ್ಕಿಂತ ಅರ್ಧ ಇಂಚು ಇಳಿದು ನಿಂತಿತ್ತು. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದ ಚಿಕ್ಕಮ್ಮ ಪರಸ್ಕೀವಾ "ಸೊಟ್ಟೀ" ಎಂದೇ ಕರೆಯುತ್ತಿದ್ದಳು. ಹಳ್ಳಿಯೂ ಹಾಗೇ ಕರೆಯಿತು. ಅದರಲ್ಲಿ ಕೆಟ್ಟತನವೇನಿರಲಿಲ್ಲ, ಕುಂಟನನ್ನು ಕುಂಟ ಎನ್ನುವ, ಬೋಳನನ್ನು ಬೋಳ ಎನ್ನುವ ಊರು ಅದು.

ಎತ್ತರವಿದ್ದಳು, ಮುಖ ಚೆನ್ನಾಗಿತ್ತು. ಹದಿನೆಂಟಕ್ಕೆ ಯಾರೋ ಮಿಲಾನಿಗೆ ಕರೆದೊಯ್ದರು. ಅಲ್ಲಿ ಆರೇಳು ವರ್ಷ ಹಸಿದುಕೊಂಡು ಬಾಗಿಲು ಬಾಗಿಲು ತಟ್ಟಿದಳು. ಸೊಂಟ ತುಂಬಿಕೊಂಡಿತು, ಕರೆ ನಿಂತಿತು. ಆದರೆ ಒಬ್ಬ ದರ್ಜಿ ಅವಳ ಮೈಗೆ ಟೇಪು ಹಿಡಿದು, ಇನ್ನೊಮ್ಮೆ ಹಿಡಿದು, "ಅಮ್ಮಾ ತಾಯಿ, ನೀನು ನಡೀಬೇಡ, ನಿಂತ್ಕೋ ಸಾಕು" ಎಂದನಂತೆ. ಅಂಗಡಿಗೆ ಬರುವ ನೂರು ಹೆಂಗಸರ ಅಳತೆ ಕೂಡಿಸಿ ನೂರರಿಂದ ಭಾಗಿಸಿದರೆ ಯಾವ ಮೈ ಬರುತ್ತದೋ ಅದು ಅವಳದಾಗಿತ್ತು. ಹೆಗಲೊಂದನ್ನು ಬಿಟ್ಟು. ಹೆಗಲನ್ನು ಎತ್ತಿ ಹಿಡಿಯುವುದನ್ನು ಅವಳು ಆಗಲೇ ಕಲಿತಿದ್ದಳು. ಕುತ್ತಿಗೆ ಬಿಗಿಯದೆ, ಉಸಿರು ಕಟ್ಟದೆ, ಮುಖದಲ್ಲಿ ಒಂದು ಗೆರೆ ಮೂಡದ ಹಾಗೆ ಅರ್ಧ ಇಂಚು. ಆರು ತಾಸು, ಎಂಟು ತಾಸು. ಆ ದರ್ಜಿಗೆ ಗೊತ್ತಾಗಲಿಲ್ಲ. ನ್ಯೂಯಾರ್ಕಿಗೆ ಕರೆಸಿಕೊಂಡ ಕಂಪನಿಗೂ ಗೊತ್ತಾಗಲಿಲ್ಲ.

ನುನ್ಜಿಯಾಳಿಗೆ ಮಾತ್ರ ಮೂರನೇ ದಿನವೇ ಗೊತ್ತಾಯಿತು.

ನುನ್ಜಿಯಾ ಆ ಮಹಡಿಯ ಹಿರಿಯ ಕತ್ತರಿಗಾರ್ತಿ. ಇಟಲಿಯ ಅವೆಲ್ಲಿನೋ ಎಂಬ ಊರಿನ ಕಡೆಯವಳು, ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದು ಬ್ರೂಕ್ಲಿನ್ನಿನಲ್ಲಿ ನೆಲೆಸಿದವಳು, ಗಂಡ ಸತ್ತು ಎಂಟು ವರ್ಷ, ಮಕ್ಕಳಿಲ್ಲ. ಗಿಡ್ಡ ದೇಹ, ಉದ್ದ ನಾಲಿಗೆ. ಆ ದಿನ ಬೆನ್ನಿನ ಹಿಂದೆ ನಿಂತವಳು ದೊಯಿನಾಳ ಬಲ ಹೆಗಲಿನ ಮೇಲೆ ಎರಡು ಬೆರಳಿಟ್ಟಳು. ಬಾಗಿಲಿಗೆ ಹೋಗಿ ಚಿಲಕ ಹಾಕಿ ಬಂದಳು.

"ಇಳಿಸು" ಎಂದಳು ನುನ್ಜಿಯಾ, ಇಟಲಿಯ ಭಾಷೆಯಲ್ಲಿ.

"ಏನು?"

"ನನ್ನ ಹತ್ರ ನಾಟಕ ಆಡ್ಬೇಡ. ನಾನು ನಲವತ್ತೈದು ವರ್ಷದಿಂದ ಹೆಗಲು ನೋಡ್ತಾ ಇದ್ದೀನಿ. ಇಳಿಸು."

ದೊಯಿನಾ ಇಳಿಸಿದಳು. ಮೂರು ದಿನದ ನೋವು ಒಮ್ಮೆಲೇ ತೋಳಿನುದ್ದ ಹರಿಯಿತು, ಕಣ್ಣಲ್ಲಿ ನೀರು ಬಂತು.

"ನನ್ನನ್ನ ಕಳಿಸಿಬಿಡ್ತೀರಾ?"

"ಯಾಕೆ ಕಳಿಸಲಿ? ನೆಟ್ಟಗಿರೋ ಹೆಗಲು ದೇವರು ಪುಕ್ಕಟೆ ಕೊಡ್ತಾನೆ. ನೀನು ದಿನಾ ದುಡಿದು ಮಾಡ್ಕೋತೀಯ. ಕೇಳು, ಜನ ಇದ್ದಾಗ ಎತ್ತಿ ಹಿಡಿ. ನಾವಿಬ್ಬರೇ ಇದ್ದಾಗ ಇಳಿಸು. ಇಲ್ದಿದ್ರೆ ನಲವತ್ತಕ್ಕೆ ಕುತ್ತಿಗೆ ತಿರುಗಲ್ಲ ನಿಂಗೆ."

ಅಂದಿನಿಂದ ಅದು ಅವರಿಬ್ಬರ ಗುಟ್ಟಾಯಿತು. ಮಧ್ಯಾಹ್ನ ಬಾಗಿಲು ಮುಚ್ಚುತ್ತಲೇ ನುನ್ಜಿಯಾ "ಇಳಿಸು" ಎನ್ನುವಳು. ಮನೆಯಿಂದ ತಂದ ಬ್ರೆಡ್ಡಿಗೆ ಎಣ್ಣೆಯಲ್ಲಿ ಹುರಿದ ದೊಣ್ಣೆಮೆಣಸು ಇಟ್ಟು ಅರ್ಧ ಇವಳಿಗೆ ಕೊಟ್ಟು, ತಿನ್ನುತ್ತಿರುವಾಗ ಬಲ ಹೆಗಲನ್ನು ಹೆಬ್ಬೆರಳಿನಿಂದ ತಿಕ್ಕುವಳು. ತಾಯಿಯ ಕೈ ಹೇಗಿರುತ್ತದೆ ಎಂದು ದೊಯಿನಾಳಿಗೆ ಮರೆತೇ ಹೋಗಿತ್ತು. ನೆನಪಾದದ್ದು ಅಲ್ಲಿ.

ನಾಲ್ಕನೇ ವರ್ಷ ಹೊಸ ಮೇಲಧಿಕಾರಿ ಬಂದಳು, ಗ್ವೆನ್ ಟಾಲಿವರ್ ಎಂದು. ಕೆಟ್ಟವಳಲ್ಲ, ಸುಮ್ಮನಿರಲಾರದವಳು. ಮಹಡಿ ವಿಶಾಲವಾಗಿ ಕಾಣಬೇಕೆಂದು ಮರದ ಗೋಡೆಗಳನ್ನೆಲ್ಲ ಕೀಳಿಸಿ ಗಾಜು ಹಾಕಿಸಿದಳು. ಬಾಗಿಲೂ ಇಲ್ಲ, ಚಿಲಕವೂ ಇಲ್ಲ. ಆಮೇಲೆ ನುನ್ಜಿಯಾ ಒಂದೆರಡು ಸಲ "ಇಳಿಸು" ಎಂದು ಪಿಸುಗುಟ್ಟಿದಳು, ದೊಯಿನಾ ಗಾಜಿನಾಚೆ ಕೂತವರನ್ನು ಕಣ್ಣಲ್ಲೇ ತೋರಿಸಿದಳು. ಮೆಲ್ಲಗೆ ಆ ಮಾತು ನಿಂತುಹೋಯಿತು. ಹೆಗಲು ಬೆಳಗಿಂದ ಸಂಜೆಯವರೆಗೆ ಮೇಲೇ ಇರತೊಡಗಿತು. ಒಂದು ವಿಚಿತ್ರವೆಂದರೆ ನೋವು ಕಡಿಮೆಯಾಗುತ್ತ ಬಂತು. ಒಳ್ಳೆಯದೇ ಆಯಿತು ಎಂದುಕೊಂಡಳು ದೊಯಿನಾ.

ಆ ದೇಶದಲ್ಲಿದ್ದು ಕೆಲಸ ಮಾಡಲು ಸಿಕ್ಕಿದ್ದ ಆರು ವರ್ಷದ ಅನುಮತಿ ಮುಗಿಯಲು ಬಂದಾಗ ಕಂಪನಿಯವರೇ ವಕೀಲೆಯ ಹೆಸರು ಹೇಳಿದರು. ಪರ್ಲಾ ಆಸ್ಟ್ರೋ, ಐವತ್ತರ ಹೆಂಗಸು, ಮೇಜಿನ ಮೇಲೆ ಯಾವಾಗಲೂ ಅರ್ಧ ತಿಂದ ಸೇಬು. ಅವಳು ಹೇಳಿದ್ದು ಇಷ್ಟು: ಇಲ್ಲಿ ಖಾಯಂ ಉಳಿಯಬೇಕಾದರೆ ನಿನ್ನ ಕೆಲಸದಲ್ಲಿ ನಿನಗೆ ಅಸಾಧಾರಣ ಸಾಮರ್ಥ್ಯವಿದೆ ಎಂದು ಸರ್ಕಾರಕ್ಕೆ ಸಾಬೀತು ಮಾಡಬೇಕು.

"ಬಹುಮಾನ ಏನಾದ್ರೂ ಬಂದಿದೆಯಾ?"

"ಇಲ್ಲ."

"ಪತ್ರಿಕೆಯಲ್ಲಿ ನಿನ್ನ ಬಗ್ಗೆ ಯಾರಾದ್ರೂ ಬರೆದಿದ್ದಾರಾ?"

"ನನ್ನ ಬಗ್ಗೆ ಏನು ಬರೀತಾರೆ? ನಿಂತಿದ್ಳು ಅಂತಲಾ?"

ಪರ್ಲಾ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ನೋಡು ದೊಯಿನಾ, ಫೋಟೋ ಹುಡುಗಿಯರದ್ದು ಸುಲಭ. ಮುಖಪುಟ ತಂದು ರಾಶಿ ಹಾಕ್ತಾರೆ. ನಿನ್ನ ಕೆಲಸ ಯಾರ ಕಣ್ಣಿಗೂ ಕಾಣಲ್ಲ. ಆದ್ರೆ ಕಂಪನಿ ದೊಡ್ಡದು, ನೀನಿಲ್ದೆ ಅವರ ಬಟ್ಟೆ ಇಲ್ಲ. ಅದನ್ನ ಬಲ್ಲವರು ಬರೆದುಕೊಡ್ಬೇಕು. ಚೆನ್ನಾಗಿ ಬರೀಬೇಕು. ನಿನ್ನ ಕೆಲಸ ಅತಿ ಹೆಚ್ಚು ಯಾರಿಗೆ ಗೊತ್ತು?"

ಅದಕ್ಕೆ ಯೋಚಿಸಬೇಕಾಗಿಯೇ ಇರಲಿಲ್ಲ.

ನುನ್ಜಿಯಾ ಆ ಪತ್ರ ಬರೆಯಲು ಮೂರು ಭಾನುವಾರ ತೆಗೆದುಕೊಂಡಳು. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿ, ಮಗ್ಗುಲಲ್ಲಿ ಕಾಫಿ ಆರಿಸಿಕೊಂಡು, ಬಟ್ಟೆ ಕತ್ತರಿಸುವಷ್ಟೇ ಎಚ್ಚರದಿಂದ ಒಂದೊಂದು ಸಾಲು ಕತ್ತರಿಸಿದಳು. ಗ್ವೆನ್ ಟಾಲಿವರ್ ಕಂಪನಿಯ ಪರವಾಗಿ ಅರ್ಧ ಪುಟ ಬರೆದುಕೊಟ್ಟಿದ್ದಳು, ಅದನ್ನು ನೋಡಿ ನುನ್ಜಿಯಾ ಮೂಗು ಮುರಿದಳು. "ಇದೇನು ಪತ್ರವಾ? ಔಷಧಿ ಚೀಟಿ ಇದ್ದ ಹಾಗಿದೆ."

ಮೂರನೇ ಭಾನುವಾರ ದೊಯಿನಾಳನ್ನು ಕೂರಿಸಿಕೊಂಡು ಓದಿದಳು. ಆ ಪತ್ರದ ನಡುವಿನ ಮಾತು ಹೀಗಿತ್ತು: "ಐವತ್ತೆರಡು ವರ್ಷದಲ್ಲಿ ನಾನು ಸಾವಿರ ಮೈಗಳನ್ನು ಮುಟ್ಟಿದ್ದೇನೆ. ಇವಳಷ್ಟು ಸಾಧಾರಣವಾದ ಮೈ ಇನ್ನೊಂದನ್ನು ಕಂಡಿಲ್ಲ. ಇವಳಲ್ಲಿ ಎದ್ದು ಕಾಣುವಂಥದ್ದು ಏನೂ ಇಲ್ಲ. ಇವಳು ಎಲ್ಲ ಹೆಂಗಸರ ಹಾಗೆ ಇದ್ದಾಳೆ. ಇವಳ ಮೈಮೇಲೆ ಬಟ್ಟೆಗೆ ಇವಳು ಇರುವುದೇ ಮರೆತುಹೋಗುತ್ತದೆ. ಇವಳು ಸುಮ್ಮನೆ ನಿಲ್ಲುತ್ತಾಳೆ, ಯಾವ ಶ್ರಮವೂ ಇಲ್ಲದೆ."

ದೊಯಿನಾ ಬಿಕ್ಕಿ ಬಿಕ್ಕಿ ಅತ್ತಳು. ಆ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ರಾಣಿಗೆ ಕಿರೀಟ ತೊಡಿಸಿದಂತೆ ತೊಡಿಸಿದ್ದಳು ಮುದುಕಿ. ಇನ್ನೂ ಒಂದು ಕಾರಣಕ್ಕೆ ಅತ್ತಳು: ಹೆಗಲಿನ ವಿಷಯ ಅದರಲ್ಲಿ ಇರಲಿಲ್ಲ. "ಯಾವ ಶ್ರಮವೂ ಇಲ್ಲದೆ" ಎಂದು ಬರೆಯುವಾಗ ನುನ್ಜಿಯಾ ಎಂಥ ಸುಳ್ಳು ಬರೆಯುತ್ತಿದ್ದಳು, ಯಾರಿಗಾಗಿ ಬರೆಯುತ್ತಿದ್ದಳು ಎಂದು ದೊಯಿನಾಳಿಗೆ ಗೊತ್ತಿತ್ತು.

"ಸಾಕಾ? ಇನ್ನೂ ಸ್ವಲ್ಪ ಸೇರಿಸಲಾ?" ಎಂದಳು ನುನ್ಜಿಯಾ.

"ಏನೂ ಸೇರಿಸ್ಬೇಡಿ. ಇದನ್ನ ಓದಿದ ಮೇಲೆ ಯಾರು ತಾನೇ ಇಲ್ಲ ಅಂತಾರೆ?"

ಪರ್ಲಾ ಓದಿ ಹಣೆ ನೇವರಿಸಿಕೊಂಡಳು. "ಈ ಸಾಧಾರಣ ಅನ್ನೋದನ್ನ ಸ್ವಲ್ಪ..." ಎಂದು ರಾಗ ಎಳೆದಳು. ಎದುರಿಗೆ ಕೂತ ಇಬ್ಬರ ಮುಖದಲ್ಲಿ ಹಬ್ಬದ ಕಳೆ. ನುನ್ಜಿಯಾ ನೆಟ್ಟಗಾಗಿ ಕೂತು, "ವಕೀಲಮ್ಮ, ನಿಮಗೆ ಬಟ್ಟೆ ಗೊತ್ತಿಲ್ಲ. ಅದೇ ಮುಖ್ಯ. ಅದನ್ನ ತೆಗೆದ್ರೆ ನನ್ನ ಸಹಿ ತೆಗೀರಿ" ಎಂದುಬಿಟ್ಟಳು. ಪರ್ಲಾ ಮುನ್ನುಡಿಯಾಗಿ ನಾಲ್ಕು ಪುಟ ತಾನೇ ಬರೆದು, ಸಾಧಾರಣವಾಗಿರುವುದೇ ಈ ಕಸುಬಿನ ಅಸಾಧಾರಣ ಗುಣ ಎಂದು ವಾದ ಹೂಡಿ ಅರ್ಜಿ ಕಳಿಸಿದಳು. ಅವಳು ಕೈಲಾದದ್ದು ಮಾಡಿದಳು ಎಂದೇ ನಾನು ಹೇಳುತ್ತೇನೆ.

ಮೂರು ತಿಂಗಳಿಗೆ ಸರ್ಕಾರದ ವಲಸೆ ಕಚೇರಿಯಿಂದ ಪ್ರಶ್ನೆ ಬಂತು. ಅರ್ಜಿದಾರಳ ದೇಹ ಸರಾಸರಿ ಎಂದು ಅವಳ ಸಾಕ್ಷಿಯೇ ಹೇಳುತ್ತಿದ್ದಾರೆ. ಸರಾಸರಿ ದೇಹ ಹುಟ್ಟಿನಿಂದ ಬಂದದ್ದು, ಸಾಮರ್ಥ್ಯ ಎನಿಸಲಾರದು. ಅವಳಿಗೆ ಸಾಧ್ಯವಿರುವ, ಬೇರೆಯವರಿಗೆ ಸಾಧ್ಯವಿಲ್ಲದ ಕೌಶಲ ಯಾವುದು? ಪುರಾವೆ ಕೊಡಿ.

ಪರ್ಲಾ ಇಬ್ಬರನ್ನೂ ಕರೆಸಿದಳು. ಸೇಬನ್ನು ಪಕ್ಕಕ್ಕೆ ಸರಿಸಿ ಕಾಗದವನ್ನು ಮುಂದಿಟ್ಟಳು.

"ಈಗ ಸರಿಯಾಗಿ ಯೋಚ್ನೆ ಮಾಡಿ ಹೇಳಿ. ಬೇರೆ ಯಾರೂ ಮಾಡೋಕಾಗದೇ ಇರೋದು, ಇವಳು ಮಾಡೋದು ಒಂದಾದ್ರೂ ಇದೆಯಾ? ಒಂದಿದ್ರೆ ಸಾಕು. ಅದನ್ನ ವೀಡಿಯೋ ತೆಗೆದು ಕಳಿಸ್ತೀನಿ. ಕಂಪನಿಯಿಂದ ಗ್ವೆನ್ ಅದು ನಿಜ ಅಂತ ಒಂದು ಸಾಲು ಬರೆದ್ರೆ ಮುಗೀತು."

ದೊಯಿನಾಳ ಬಲ ಹೆಗಲು ಆಗಲೂ ಮೇಲೇ ಇತ್ತು. ನುನ್ಜಿಯಾ ಬಾಯಿ ತೆರೆದದ್ದನ್ನು ಅವಳು ಓರೆಗಣ್ಣಿನಿಂದ ಕಂಡಳು. ಒಂದು ಗಳಿಗೆಯಲ್ಲಿ ಎಷ್ಟೆಲ್ಲ ಯೋಚನೆ ಬರುತ್ತದೆ! ಗ್ವೆನ್ ಬರೆಯಬೇಕಾದರೆ ಗ್ವೆನ್‌ಗೆ ಹೇಳಬೇಕು. ಸೊಟ್ಟ ಮೈಮೇಲೆ ಆರು ವರ್ಷ ಅಳತೆ ಕತ್ತರಿಸಿದಳು, ಗೊತ್ತಿದ್ದೂ ಮುಚ್ಚಿಟ್ಟಳು ಎಂದು ಮುದುಕಿಯ ಹೆಸರು ಮಹಡಿಯ ತುಂಬ ಕೆಡುತ್ತದೆ. ಆ ಮೇಜಿನ ಜಾಗಕ್ಕೆ ಕಂಪ್ಯೂಟರ್ ತರಲು ಗ್ವೆನ್ ಒಂದು ನೆಪ ಹುಡುಕುತ್ತಿದ್ದಾಳೆ. ಎಪ್ಪತ್ತೊಂದರಲ್ಲಿ ಆ ಮೇಜು ಬಿಟ್ಟರೆ ನುನ್ಜಿಯಾಳಿಗೆ ಈ ಲೋಕದಲ್ಲಿ ಏನಿದೆ? ಬಾಯಿ ಬಿಟ್ಟರೆ ಬಣ್ಣಗೇಡು. ಕೆಟ್ಟರೆ ತಾನೊಬ್ಬಳು ಕೆಡಲಿ.

"ಏನೂ ಇಲ್ಲ" ಎಂದಳು ದೊಯಿನಾ.

ನುನ್ಜಿಯಾ ತೆರೆದ ಬಾಯಿ ಮುಚ್ಚಿದಳು. ಅವಳೂ ತಲೆಯಾಡಿಸಿದಳು. "ಹೌದು. ಏನೂ ಇಲ್ಲ. ಸುಮ್ನೆ ನಿಲ್ತಾಳೆ."

ಪರ್ಲಾ ಇಬ್ಬರ ಮುಖವನ್ನೂ ಬಹಳ ಹೊತ್ತು ನೋಡಿ, ಕೊನೆಗೆ ಇದ್ದ ಪತ್ರಗಳಿಗೇ ಇನ್ನೆರಡು ಪತ್ರ ಸೇರಿಸಿ ಉತ್ತರ ಕಳಿಸಿದಳು.

ಮಾರ್ಚಿನಲ್ಲಿ ಅರ್ಜಿ ವಜಾ ಆಯಿತು. ಒಂಬತ್ತು ಪುಟದ ಆದೇಶ. ಆರನೇ ಪುಟದಲ್ಲಿ ನುನ್ಜಿಯಾಳ ಸಾಲುಗಳನ್ನು ಇದ್ದ ಹಾಗೇ ಎತ್ತಿ ಬರೆದಿದ್ದರು. "ಇವಳಲ್ಲಿ ಎದ್ದು ಕಾಣುವಂಥದ್ದು ಏನೂ ಇಲ್ಲ. ಇವಳು ಎಲ್ಲ ಹೆಂಗಸರ ಹಾಗೆ ಇದ್ದಾಳೆ." ಅದರ ಕೆಳಗೆ: ಅರ್ಜಿದಾರಳನ್ನು ಅತ್ಯಂತ ಹತ್ತಿರದಿಂದ ಬಲ್ಲ ಪರಿಣತೆಯ ಈ ಅಭಿಪ್ರಾಯವನ್ನು ನಾವು ಒಪ್ಪುತ್ತೇವೆ. ಹೊಗಳಿ ಹೊನ್ನಶೂಲಕ್ಕೇರಿಸುವುದು ಎನ್ನುತ್ತಾರಲ್ಲ, ಅದು ಹೀಗೂ ಆಗಬಹುದೆಂದು ನನಗೆ ಗೊತ್ತಿರಲಿಲ್ಲ.

ಅನುಮತಿ ಮುಗಿಯಲು ಐದು ವಾರ ಉಳಿದಿತ್ತು. ದೊಯಿನಾ ಅದನ್ನು ನುನ್ಜಿಯಾಳಿಂದ ಮುಚ್ಚಿಡಬೇಕೆಂದುಕೊಂಡಳು, ಆಗಲಿಲ್ಲ. ಭಾನುವಾರ ಅಡುಗೆಮನೆಯಲ್ಲಿ ನುನ್ಜಿಯಾ ಕೇಳಿಯೇ ಬಿಟ್ಟಳು.

"ಬೇಡ ಅಂದ್ರಾ?"

"ಬೇಡ ಅಂದ್ರು."

"ನನ್ನ ಪತ್ರ ಓದಲಿಲ್ವಾ ಆ ಕಣ್ಣಿಲ್ಲದವರು?"

"ಓದಿದ್ದಾರೆ. ನಿಮ್ಮದನ್ನೇ ಎಲ್ಲರಿಗಿಂತ ಹೆಚ್ಚು ಓದಿದ್ದಾರೆ. ಒಪ್ಪಿದ್ದೀವಿ ಅಂತ ಬರೆದಿದ್ದಾರೆ."

"ಹಾಗಾದ್ರೆ ತೋರಿಸು."

"ಬೇಡ ಬಿಡಿ ನುನ್ಜಿಯಾ."

"ತೋರಿಸೇ ಹುಡುಗಿ."

ಮುದುಕಿ ಕನ್ನಡಕ ಹಾಕಿಕೊಂಡು ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಆರನೇ ಪುಟಕ್ಕೆ ಬಂದಾಗ ಬೆರಳು ನಿಂತಿತು. ಮುಂದೆ ಹೋಗಲೇ ಇಲ್ಲ. ಒಲೆಯ ಮೇಲೆ ಟೊಮೇಟೊ ಸಾರು ಉಕ್ಕಿ ಸುಟ್ಟ ವಾಸನೆ ಬಂತು, ಇಬ್ಬರೂ ಏಳಲಿಲ್ಲ.

"ನಾನೇ ನಿನ್ನ ಕುತ್ತಿಗೆ ಕತ್ತರಿಸಿದೆ" ಎಂದಳು ನುನ್ಜಿಯಾ. "ಆವತ್ತು ವಕೀಲಮ್ಮನ ಮುಂದೆ ಹೇಳಿಬಿಡ್ತಿದ್ದೆ. ಹೆಗಲು ಗೊತ್ತಾದ್ರೆ ನಿನ್ನ ಕೆಲಸ ಹೋಗತ್ತೆ, ಕೆಲಸ ಹೋದ್ರೆ ಅನುಮತೀನೂ ಹೋಗತ್ತೆ ಅಂತ ಬಾಯಿ ಮುಚ್ಚಿದೆ."

ದೊಯಿನಾ ಬೆಚ್ಚಿ ನೋಡಿದಳು. "ನಾನು ನಿಮ್ಮ ಮೇಜು ಹೋಗತ್ತೆ ಅಂತ..."

"ನನ್ನ ಮೇಜಾ? ಈ ಬೇಸಿಗೆಗೆ ಬಿಡ್ತೀನಿ ಅಂತ ಗ್ವೆನ್‌ಗೆ ಚಳಿಗಾಲದಲ್ಲೇ ಹೇಳಿದ್ದೆ ಕಣೇ! ನಿನಗೆ ಗ್ರೀನ್ ಕಾರ್ಡು ಬಂದ ದಿನ ಹೇಳೋಣ, ಒಟ್ಟಿಗೇ ಹಬ್ಬ ಮಾಡೋಣ ಅಂತಿದ್ದೆ."

ಇಬ್ಬರೂ ಒಬ್ಬರಿಗಾಗಿ ಒಬ್ಬರು ಬಾಯಿ ಹೊಲಿದುಕೊಂಡಿದ್ದರು. ಹೊಲಿಗೆಯವರು ತಾನೇ.

ಮರುದಿನ ಬೆಳಗ್ಗೆ ನುನ್ಜಿಯಾ ದೊಯಿನಾಳ ಕೈ ಹಿಡಿದು, ಬಿಡದೆ, ಎರಡು ರೈಲು ಬದಲಿಸಿ ಪರ್ಲಾಳ ಕಚೇರಿಗೆ ಎಳೆದುಕೊಂಡು ಹೋದಳು. ನಿಂತುಕೊಂಡೇ ಎಲ್ಲ ಹೇಳಿದಳು: ಬಿಂದಿಗೆ, ಇಳಿಜಾರು, ಅರ್ಧ ಇಂಚು, ಆರು ವರ್ಷ. "ಇದನ್ನ ಇನ್ಯಾವಳು ಮಾಡ್ತಾಳೆ ಹೇಳಿ? ಕುಣಿಯೋರು ಮಾಡಲ್ಲ, ಸರ್ಕಸ್ಸಿನವರು ಮಾಡಲ್ಲ. ಎಂಟು ತಾಸು! ಉಸಿರು ಹೆಚ್ಚಾಗಲ್ಲ! ಗ್ವೆನ್‌ಗೆ ನಾನೇ ಹೇಳ್ತೀನಿ. ಅವಳೇನು ಮಾಡ್ತಾಳೆ, ನನ್ನ ನುಂಗ್ತಾಳಾ?"

ಪರ್ಲಾಳ ಕಣ್ಣು ಹೊಳೆಯಿತು. ಅಷ್ಟು ವರ್ಷದ ವಕೀಲಿಯಲ್ಲಿ ಅವಳು ಅಂಥದ್ದನ್ನು ಕೇಳಿರಲಿಲ್ಲ. "ಇದನ್ನ ಆವತ್ತೇ ಹೇಳೋಕೆ ನಿಮಗೇನಾಗಿತ್ತು ಇಬ್ರಿಗೂ? ಹಾಳಾಗಿ ಹೋಗ್ಲಿ. ಮೂವತ್ತು ದಿನ ಇದೆ, ಹೊಸ ಪುರಾವೆ ಇದ್ರೆ ಮತ್ತೆ ತೆಗೆದು ನೋಡಿ ಅಂತ ಕೇಳಬಹುದು. ಬಲ ಹೆಗಲು ಕೆಳಗಿರೋದು, ಮೇಲೆ ಬರೋದು, ಎರಡೂ ಸ್ಪಷ್ಟವಾಗಿ ಕಾಣ್ಬೇಕು. ಮೊದಲು ಎಲ್ಲಾದ್ರೂ ಅಳತೆ ಬರೆದಿಟ್ಟಿದ್ದೀರಾ?"

"ಬರೆದಿಟ್ರೆ ಯಾರಾದ್ರೂ ನೋಡ್ತಾರಲ್ಲ ಅಂತ ಬರೆದಿಲ್ಲ" ಎಂದಳು ನುನ್ಜಿಯಾ.

"ಪರವಾಗಿಲ್ಲ. ವೀಡಿಯೋನೇ ಸಾಕು."

ದೊಯಿನಾ ಮೇಲಂಗಿ ತೆಗೆದು ಒಳಗಿನ ತೋಳಿಲ್ಲದ ಬನಿಯನ್ನಿನಲ್ಲಿ ಬಿಳಿ ಗೋಡೆಯ ಮುಂದೆ ನಿಂತಳು. ಪರ್ಲಾ ಎದುರಿಗೆ ಮೊಬೈಲು ಹಿಡಿದಳು. ಕಿಟಕಿಯಿಂದ ಬೆಳಗಿನ ಬಿಸಿಲು ಎರಡೂ ಹೆಗಲಿನ ಮೇಲೆ ಬಿದ್ದಿತ್ತು. ನುನ್ಜಿಯಾ ಬಾಗಿಲಿಗೆ ಹೋಗಿ ಚಿಲಕ ಹಾಕಿ ಬಂದಳು. ಅದು ಬೇಕಾಗಿರಲಿಲ್ಲ, ಹಳೆಯ ರೂಢಿ.

"ಇಳಿಸು ಮಗಳೇ."

ದೊಯಿನಾ ಉಸಿರು ಬಿಟ್ಟಳು. ಕುತ್ತಿಗೆಯನ್ನು ಸಡಿಲ ಮಾಡಿದಳು. ಕೈಯನ್ನು ಜೋತು ಬಿಟ್ಟಳು.

"ಇಳಿಸೇ."

"ಇಳಿಸಿದ್ದೀನಿ."

ಪರ್ಲಾ ಮೊಬೈಲಿನ ಅಂಚಿನಿಂದ ಇಣುಕಿ ನೋಡಿದಳು. ಎರಡೂ ಹೆಗಲು ಗೆರೆ ಎಳೆದಂತೆ ಒಂದೇ ಮಟ್ಟದಲ್ಲಿದ್ದವು.

"ಹೆದರ್ಕೊಂಡಿದ್ದೀಯ, ಅದಕ್ಕೇ" ಎಂದಳು ನುನ್ಜಿಯಾ. ಹಿಂದೆ ಬಂದು ಬಲ ಹೆಗಲಿನ ಮೇಲೆ ಅಂಗೈಯಿಟ್ಟು ಒತ್ತಿದಳು. ಹೆಗಲು ಸ್ವಲ್ಪ ತಗ್ಗಿತು. ಕೈ ತೆಗೆದೊಡನೆ ಮತ್ತೆ ಮೇಲೆ ಬಂತು. ಹೆಬ್ಬೆರಳಿನಿಂದ ತಿಕ್ಕಿದಳು, ಹಿಂದಿನ ಹಾಗೆ. ಬಿಂದಿಗೆ ಇಲ್ಲದ್ದಕ್ಕೆ ಪರ್ಲಾಳ ದಪ್ಪ ಕಾನೂನು ಪುಸ್ತಕಗಳನ್ನು ಚೀಲಕ್ಕೆ ತುಂಬಿ ಬಲಗೈಗೆ ಕೊಟ್ಟರು. ಹತ್ತು ನಿಮಿಷ ಹಿಡಿದು ನಿಂತಳು. ಚೀಲ ಇಳಿಸಿದಳು. ನುನ್ಜಿಯಾ ಕೊರಳಿನಲ್ಲಿ ಸದಾ ನೇತಾಡುವ ಟೇಪು ತೆಗೆದು, ನೆಲದಿಂದ ಎಡ ಹೆಗಲಿಗೆ, ನೆಲದಿಂದ ಬಲ ಹೆಗಲಿಗೆ ಹಿಡಿದಳು. ಇನ್ನೊಮ್ಮೆ ಹಿಡಿದಳು. ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ.

ಗಾಜಿನ ಗೋಡೆ ಬಂದ ಮೇಲಿನ ಎರಡು ವರ್ಷದಲ್ಲಿ, ಇಳಿಸು ಎನ್ನುವವರಿಲ್ಲದೆ, ಆ ಹೆಗಲು ಇಳಿಯುವುದನ್ನೇ ಮರೆತಿತ್ತು. ನೋವು ಕಡಿಮೆಯಾಯಿತೆಂದು ದೊಯಿನಾ ಸಂತೋಷಪಟ್ಟಿದ್ದಳಲ್ಲ, ಆಗ ಕಳೆದುಹೋದದ್ದು ಇದು. ಇದ್ದೊಂದು ಪುರಾವೆಯನ್ನು ಅವಳು ತನ್ನ ದುಡಿಮೆಯಿಂದಲೇ ಅಳಿಸಿಹಾಕಿದ್ದಳು. ಈಗ ಅವಳು ನಿಜವಾಗಿಯೂ ನುನ್ಜಿಯಾ ಬರೆದಂತೆಯೇ ಇದ್ದಳು, ಎಲ್ಲ ಹೆಂಗಸರ ಹಾಗೆ, ಯಾವ ಶ್ರಮವೂ ಇಲ್ಲದೆ.

ಪರ್ಲಾ ಮೊಬೈಲನ್ನು ಮೆಲ್ಲಗೆ ಮೇಜಿನ ಮೇಲೆ ಮಗುಚಿಟ್ಟಳು. "ನಾನು ನಂಬ್ತೀನಿ" ಎಂದಳು. "ನನ್ನ ನಂಬಿಕೆ ಅವರಿಗೆ ಬೇಕಾಗಿಲ್ಲ."

ನುನ್ಜಿಯಾ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಸುತ್ತುತ್ತ ಕೂತಿದ್ದಳು. ದೊಯಿನಾ ಅವಳ ಮುಂದೆ ಮಂಡಿಯೂರಿ ಟೇಪು ಬಿಡಿಸಿ, ಸುರುಳಿ ಸುತ್ತಿ, ಅವಳ ಚೀಲಕ್ಕೆ ಹಾಕಿದಳು. ಅಳುತ್ತಿದ್ದವಳು ಮುದುಕಿ, ಸಮಾಧಾನ ಹೇಳಬೇಕಾದವಳು ಇವಳಾಗಿದ್ದಳು.

ಕೊನೆಯ ವಾರ ಕಂಪನಿಯವರು ದೊಯಿನಾಳನ್ನು ಒಂದು ಯಂತ್ರದ ನಡುವೆ ನಿಲ್ಲಿಸಿ ಮೈಯ ಅಳತೆಯೆಲ್ಲ ಹಿಡಿದು, ಅಂಥದ್ದೇ ಒಂದು ಬೊಂಬೆ ಮಾಡಿಸಿದರು. ತುಂಬ ಚೆನ್ನಾಗಿ ಬಂದಿದೆ ಎಂದು ಗ್ವೆನ್ ಹೇಳಿದಳು. ನುನ್ಜಿಯಾ ಅದರತ್ತ ತಿರುಗಿಯೂ ನೋಡಲಿಲ್ಲ. "ಇದಕ್ಕೆ ಕಂಕುಳು ಕಚ್ಚಿದ್ರೆ ಯಾರಿಗೆ ಹೇಳತ್ತೆ?" ಎಂದು ಕತ್ತರಿ ಕೆಳಗಿಟ್ಟು, ಬೇಸಿಗೆಯವರೆಗೆ ಕಾಯದೆ ಮನೆಗೆ ಹೋದಳು. ವಿಮಾನ ನಿಲ್ದಾಣಕ್ಕೆ ಬ್ರೆಡ್ಡು, ಹುರಿದ ದೊಣ್ಣೆಮೆಣಸು ಕಟ್ಟಿಕೊಂಡು ಬಂದಿದ್ದಳು. ದೊಯಿನಾಳ ಕೋಟಿನ ಕಾಲರು ಸರಿಮಾಡಿ, ಹಿಂದಕ್ಕೆ ಸರಿದು ನೋಡಿ, ಹಣೆಗೆ ಮುತ್ತಿಟ್ಟಳು.

ಸೊರೋಕಾ ಕಡೆಯ ಆ ಹಳ್ಳಿಯಲ್ಲಿ ಈಗಲೂ ಬಾವಿ ಕೆಳಗೆ, ಮನೆ ಮೇಲೆ. ಚಿಕ್ಕಮ್ಮ ಪರಸ್ಕೀವಾಳ ಮೊಣಕಾಲು ಹೋಗಿದ್ದರಿಂದ ನೀರಿನ ಕೆಲಸ ಮತ್ತೆ ದೊಯಿನಾಳಿಗೇ ಬಂತು. ಬಂದ ಮಾರನೆಯ ಬೆಳಗ್ಗೆ ಅವಳು ಬಲಗೈಯಲ್ಲಿ ಬಿಂದಿಗೆ ಹಿಡಿದು, ಎಡಗೈಯಲ್ಲಿ ಬೇಲಿ ಹಿಡಿದು ಏರಿ ಬಂದಳು. ಚಿಕ್ಕಮ್ಮ ಹೊಸಿಲ ಮೇಲೆ ಕೂತು ಮೆಕ್ಕೆಜೋಳದ ಹಿಟ್ಟಿನ ಬಿಸಿ ಮುದ್ದೆಯನ್ನು ದಾರದಿಂದ ಕುಯ್ಯುತ್ತಿದ್ದವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಬಿಂದಿಗೆ ಇಡು. ಹಾಗೇ ನಿಂತ್ಕೋ, ತಿರುಗು" ಎಂದಳು. ದೊಯಿನಾ ನಿಂತಳು. ನಿಲ್ಲುವುದು ಅವಳಿಗೆ ಬರುತ್ತಿತ್ತು.

"ಅಯ್ಯೋ ನಮ್ಮ ಸೊಟ್ಟೀ! ಎಲ್ಲೇ ನಿನ್ನ ಸೊಟ್ಟು? ಅಮೆರಿಕದವರು ನಿನ್ನನ್ನ ಸರಿಮಾಡಿ ಕಳಿಸಿದ್ದಾರಲ್ಲೇ! ಈಗ ನೋಡು, ಎಲ್ಲರ ಹಾಗೆ ಆಗಿದ್ದೀಯ."

ಚಿಕ್ಕಮ್ಮನಿಗೆ ನಿಜವಾಗಿಯೂ ಖುಷಿಯಾಗಿತ್ತು. ಬೇಲಿಯಾಚೆಯ ಪಕ್ಕದ ಮನೆಯವಳನ್ನೂ ಕೂಗಿ ಕರೆದಳು, ಬಾ ನೋಡು ಎಂದು. 'ಹೌದು ಚಿಕ್ಕಮ್ಮ' ಎಂದಳು ದೊಯಿನಾ. ಖಾಲಿ ಬಿಂದಿಗೆ ಇನ್ನೊಂದಿತ್ತು. ಅದನ್ನೆತ್ತಿಕೊಂಡು, ಅವರಿಗೆ ಮುಖ ಕಾಣದ ಹಾಗೆ, ಬಾವಿಯ ಕಡೆ ಇಳಿದು ಹೋದಳು.